ಹ್ಯಾಂಬರ್ಗಿಗೆ ಹೋಗುವ ಮುನ್ನ ಮೊಣಕಾಲನ್ನು ಕೇಳಿ

(ತುಮಕೂರಿನಲ್ಲಿ ಗುಬ್ಬಿ, ಕುಣಿಗಲ್ ಕಡೆಯ ತರುಣರ ಮುಂದೆ ಆಡಿದ ಮಾತುಗಳ ಬರಹರೂಪ)



ಹೋದ ವಾರ ಗುಬ್ಬಿ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದವನು. ಪ್ಲಾಸ್ಟರ್ ಬಿಚ್ಚಿ ಹನ್ನೆರಡು ದಿನ ಆಗಿತ್ತು. "ಅಣ್ಣಾ, ಮುಂದಿನ ವರ್ಷ ಜರ್ಮನಿಗೆ ಹೋಗಿ ಐರನ್‌ಮ್ಯಾನ್ ಮಾಡ್ಬೇಕು. ದುಡ್ಡು ಹೆಂಗಾದ್ರೂ ಹೊಂದಿಸ್ತೀನಿ. ಸೋಮವಾರದಿಂದ ಓಡಕ್ಕೆ ಶುರು ಮಾಡ್ಲಾ?" ಅಂದ. ನಾನು ಅವನ ಮುಖ ನೋಡಲಿಲ್ಲ, ಕಾಲು ನೋಡಿದೆ. ಇಡೀ ಮೈಭಾರವನ್ನು ಒಳ್ಳೆಯ ಕಾಲಿನ ಮೇಲೆ ಹಾಕಿ ನಿಂತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ.

ಆ ಹುಡುಗ ಈಗ ಇಲ್ಲೇ ಕೂತಿದ್ದಾನೆ. ಹೆಸರು ಹೇಳುವುದಿಲ್ಲ. ಅವತ್ತು ಅವನಿಗೆ ಉತ್ತರ ಕೊಡಲಿಲ್ಲ. ಇವತ್ತು ಎಲ್ಲರ ಎದುರಿಗೆ ಕೊಡುತ್ತೇನೆ, ಏಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ.

ಐದು ಸಲ ಕುಣಿಗಲ್

ಮೊದಲು ಈ ಐರನ್‌ಮ್ಯಾನ್ ಅಂದರೆ ಏನು ಎಂದು ತಿಳಿಯೋಣ. 1978ರಲ್ಲಿ ಹವಾಯಿಯಲ್ಲಿ ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿ ಸೇರಿ ಶುರು ಮಾಡಿದ ಪಂದ್ಯ ಇದು. ಈಜುವವನು ಗಟ್ಟಿಗನೋ, ಸೈಕಲ್ ತುಳಿಯುವವನೋ, ಓಡುವವನೋ ಎಂಬ ಜಗಳದಿಂದ ಹುಟ್ಟಿದ್ದು. ಅಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಪಂದ್ಯಗಳನ್ನು ಒಂದೇ ದಿನಕ್ಕೆ ಹೊಲಿದುಬಿಟ್ಟರು. ಮೊದಲ ವರ್ಷ ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್‌ಗೆ 11 ಗಂಟೆ 46 ನಿಮಿಷ 58 ಸೆಕೆಂಡು ಹಿಡಿಯಿತು.

3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ತುಮಕೂರಿನಿಂದ ಕುಣಿಗಲ್ಲಿಗೆ ಸುಮಾರು 36 ಕಿಲೋಮೀಟರ್. ಈ ದಾರಿಯನ್ನು ಐದು ಸಲ ಸೈಕಲ್ಲಿನಲ್ಲಿ ತುಳಿಯಬೇಕು. ಇಳಿದ ಮೇಲೆ, ತುಮಕೂರಿನಿಂದ ಗುಬ್ಬಿಗೆ ಓಡಿಹೋಗಿ ಓಡಿ ವಾಪಸ್ ಬಂದಷ್ಟು ದೂರ, ಅದರ ಮೇಲೆ ಇನ್ನೂ ಸ್ವಲ್ಪ. ಇದೆಲ್ಲ ನೀರಿನಿಂದ ಎದ್ದು ಬಂದ ಮೇಲೆ! ಹಲವು ಕಡೆ 16-17 ಗಂಟೆಯೊಳಗೆ ಮುಗಿಸಬೇಕು. ಗಡುವು ದಾಟಿದರೆ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಇದು ನಮ್ಮವರಿಗೆ ಸಾಧ್ಯವೇ? ಸಾಧ್ಯವಾಗಿದೆ. ಬೆಂಗಳೂರಿನಲ್ಲಿ ನೈಋತ್ಯ ರೈಲ್ವೆಯ ಅಧಿಕಾರಿಯಾಗಿದ್ದ ಶ್ರೇಯಸ್ ಹೊಸೂರ್ 2022ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇದನ್ನು 13 ಗಂಟೆ 26 ನಿಮಿಷದಲ್ಲಿ ಮುಗಿಸಿದರು. ಭಾರತೀಯ ರೈಲ್ವೆಯ ಅಧಿಕಾರಿಗಳಲ್ಲಿ ಇವರೇ ಮೊದಲಿಗರು. ನೀವು ತುಮಕೂರು ಸ್ಟೇಷನ್ನಿನಲ್ಲಿ ದಿನಾ ಬೆಳಿಗ್ಗೆ ನೂಕುನುಗ್ಗಲಿನಲ್ಲಿ ಹತ್ತುವ ರೈಲು ಅದೇ ನೈಋತ್ಯ ರೈಲ್ವೆಯದು. ಆಫೀಸಿನ ಫೈಲು ನೋಡಿಕೊಂಡೇ ಈ ದೂರ ಕ್ರಮಿಸಿದ ಮನುಷ್ಯ ನಮ್ಮ ನಡುವಿನವರೇ.

ಆದ್ದರಿಂದ ಹುಡುಗನ ಆಸೆ ತಪ್ಪಲ್ಲ. ತಪ್ಪಿರುವುದು "ಸೋಮವಾರದಿಂದ" ಎಂಬ ಮಾತಿನಲ್ಲಿ.

ನನ್ನ ಎರಡು ತಪ್ಪು

ಇದನ್ನು ಹೇಳುವ ಹಕ್ಕು ನನಗೆ ಪುಸ್ತಕದಿಂದ ಬಂದದ್ದಲ್ಲ. 2022ರ ಬೇಸಿಗೆಯಲ್ಲಿ ಗುಬ್ಬಿ ಹತ್ತಿರದ ಊರೊಂದರಲ್ಲಿ ಕಬಡ್ಡಿ ಆಡುವಾಗ ಕಾಲು ನೆಲಕ್ಕೆ ಊರಿಕೊಂಡಿತ್ತು, ಮೈ ತಿರುಗಿತು. ಮೊಣಕಾಲಿನ ಒಳಗೆ "ಟಪ್" ಎಂದು ಸದ್ದು. ಎರಡು ಗಂಟೆಯೊಳಗೆ ಬೂದುಗುಂಬಳದ ಹಾಗೆ ಊದಿತು. ಲಿಗಮೆಂಟ್ ಹರಿದಿತ್ತು, ಡಾಕ್ಟರುಗಳು ಎ.ಸಿ.ಎಲ್. ಅನ್ನುತ್ತಾರಲ್ಲ, ಅದು. ನಾನು ಸ್ಕ್ಯಾನಿಂಗ್ ಮಾಡಿಸಲಿಲ್ಲ. ಮೊಟ್ಟೆ, ಸೊಪ್ಪು ಅರೆದು ಪಟ್ಟು ಹಾಕಿಸಿಕೊಂಡೆ. ಊತ ಇಳಿಯಿತು. ಊತ ಇಳಿದದ್ದನ್ನೇ ವಾಸಿಯಾಯಿತು ಅಂದುಕೊಂಡೆ. ಇದು ಮೊದಲನೇ ತಪ್ಪು.

ನಾಲ್ಕನೇ ತಿಂಗಳಿಗೆ ಗೆಳೆಯರು ಕರೆದರು. "ಏನೋ ಹೆಣ್ಣುಮಕ್ಕಳ ಥರ ಕೂತಿದ್ದೀಯ" ಅಂದರು. ಈ ಒಂದು ಮಾತಿಗೆ ನಮ್ಮಲ್ಲಿ ಎಷ್ಟು ಮೊಣಕಾಲು ಬಲಿಯಾಗಿವೆಯೋ! ಹೆಣ್ಣುಮಕ್ಕಳು ಹೆತ್ತು, ಹೊತ್ತು, ನೋವು ನುಂಗಿ ಮನೆ ನಡೆಸುತ್ತಾರೆ. ಅವರ ಹೆಸರನ್ನು ಬೈಗುಳ ಮಾಡಿಕೊಂಡು ನಾವು ಗಂಡಸ್ತನ ತೋರಿಸಲು ಹೋಗುತ್ತೇವೆ. ನಾನೂ ಹೋದೆ. ಮೂರನೇ ರೈಡಿನಲ್ಲಿ ಕಾಲು ಕಳಚಿದ ಹಾಗಾಯಿತು. ಈ ಸಲ ಲಿಗಮೆಂಟ್ ಜೊತೆಗೆ ಒಳಗಿನ ಮೆತ್ತೆಯೂ, ಅದನ್ನು ಮೆನಿಸ್ಕಸ್ ಅನ್ನುತ್ತಾರೆ, ಹರಿದುಹೋಯಿತು. ಇದು ಎರಡನೇ ತಪ್ಪು. ಮೊದಲನೆಯದನ್ನು ಆಪರೇಷನ್ನು ಸರಿಮಾಡಬಹುದಿತ್ತು. ಎರಡನೆಯದರಲ್ಲಿ ಮೆತ್ತೆಯ ಒಂದು ತುಂಡನ್ನೇ ತೆಗೆದರು. ಅದು ಮತ್ತೆ ಬೆಳೆಯುವುದಿಲ್ಲ. ನಾಲ್ಕು ಜನರ ಚಪ್ಪಾಳೆಗೆ ನಾನು ಕೊಟ್ಟ ಬೆಲೆ ಅದು.

ಕುದುರೆ ಸಾಕುವವರು ಯಾರೂ ಕುಂಟುವ ಕುದುರೆಯನ್ನು ಓಟಕ್ಕೆ ಬಿಡುವುದಿಲ್ಲ. ಕುಣಿಗಲ್ಲಿನ ಕುದುರೆ ಫಾರಂ ನೋಡಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆಗೆ ತೋರಿಸುವ ಕರುಣೆಯನ್ನು ನಾವು ನಮ್ಮ ಕಾಲಿಗೆ ತೋರಿಸುವುದಿಲ್ಲ!

ಕತ್ತು ಮುರಿದ ಮನುಷ್ಯ

ಹಾಗಾದರೆ ಗಾಯವಾದವರು ಮರಳಿ ಬರಲೇ ಆಗದೇ? ಬರಬಹುದು. ಟಿಮ್ ಡಾನ್ ಎಂಬ ಇಂಗ್ಲಿಷ್ ಆಟಗಾರನ ಕತೆ ಕೇಳಿ. ಮೂರು ಒಲಿಂಪಿಕ್ಸ್ ಕಂಡವನು. 2017ರ ಮೇ ತಿಂಗಳಲ್ಲಿ ಬ್ರೆಜಿಲ್‌ನಲ್ಲಿ ಈ ಇಡೀ ದೂರವನ್ನು 7 ಗಂಟೆ 40 ನಿಮಿಷ 23 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಮಾಡಿದ. ಅದೇ ವರ್ಷ ಅಕ್ಟೋಬರಿನಲ್ಲಿ ಹವಾಯಿಯ ವಿಶ್ವ ಚಾಂಪಿಯನ್‌ಷಿಪ್‌ಗೆ ಕೆಲವೇ ದಿನ ಇರುವಾಗ, ಸೈಕಲ್ ಅಭ್ಯಾಸದಲ್ಲಿ ವಾಹನವೊಂದು ಬಡಿಯಿತು. ಕತ್ತಿನ ಎರಡನೇ ಮೂಳೆ ಮುರಿಯಿತು. ಆ ಮೂಳೆ ಮುರಿದರೆ ಜೀವವೇ ಹೋಗಬಹುದು.

ಆಪರೇಷನ್ ಮಾಡಿ ಮೂಳೆಗಳನ್ನು ಬೆಸೆಯಬಹುದಿತ್ತು. ಆದರೆ ಕತ್ತು ಮೊದಲಿನಂತೆ ತಿರುಗುವುದು ಅನುಮಾನ. ಅವನು ಇನ್ನೊಂದು ದಾರಿ ಹಿಡಿದ. ತಲೆಬುರುಡೆಗೇ ತಿರುಪು ಕೂರಿಸಿ, ತಲೆಯ ಸುತ್ತ ಲೋಹದ ಬಳೆ ಕಟ್ಟಿ, ಅದನ್ನು ಎದೆಯ ಕವಚಕ್ಕೆ ಬಿಗಿದರು. ಹೀಗೆ ಮೂರು ತಿಂಗಳು. ಮಲಗಲೂ ಆಗದ ಮೂರು ತಿಂಗಳು. ಬಳೆ ಬಿಚ್ಚಿದ ಮೇಲೆ 2018ರ ಏಪ್ರಿಲಿನಲ್ಲಿ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 49 ನಿಮಿಷದಲ್ಲಿ ಓಡಿದ. ಜೂನ್‌ನಲ್ಲಿ ಕೋಸ್ಟರಿಕಾದಲ್ಲಿ ಅರ್ಧ ದೂರದ ಪಂದ್ಯ ಗೆದ್ದ. ಅಕ್ಟೋಬರಿನಲ್ಲಿ ಅದೇ ಹವಾಯಿಗೆ ಹೋಗಿ ಪೂರ್ತಿ ದೂರ ಮುಗಿಸಿದ. ಎಷ್ಟು ಹೊತ್ತಿಗೆ? 9 ಗಂಟೆ 45 ನಿಮಿಷ.

ಗಮನಿಸಿ. ಬ್ರೆಜಿಲ್‌ನ ದಾರಿ ಬೇರೆ, ಹವಾಯಿಯ ಬಿಸಿಲು ಬೇರೆ, ಒಪ್ಪೋಣ. ಆದರೂ ತನ್ನ ದಾಖಲೆಗಿಂತ ಎರಡು ಗಂಟೆ ಹಿಂದೆ. ಲೋಕದ ಅತಿ ವೇಗಿ ಎನಿಸಿಕೊಂಡವನು ಎಷ್ಟೋ ಜನರ ಹಿಂದೆ ಬರಲು ನಾಚಲಿಲ್ಲ. ನಾವು ಊರ ಕಬಡ್ಡಿಯಲ್ಲಿ ಒಂದು ಸೀಸನ್ ಬಿಡಲು ನಾಚುತ್ತೇವೆ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಎಲ್ಲರೂ ಮೊದಲಿದ್ದ ಜಾಗಕ್ಕೆ ಮರಳುವುದಿಲ್ಲ. ನಮ್ಮ ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದವರು. 2002ರಲ್ಲಿ ಬೆನ್ನಿನ ಆಪರೇಷನ್ ಆಯಿತು. ಮತ್ತೆ ನೀರಿಗಿಳಿದರು, 2004ರ ಅಥೆನ್ಸ್ ಒಲಿಂಪಿಕ್ಸ್ ಸ್ವಲ್ಪದರಲ್ಲೇ ಕೈತಪ್ಪಿತು. ಆಮೇಲೆ ಏನು ಮಾಡಿದರು? ಬೆಂಗಳೂರಿನಲ್ಲಿ ಮಕ್ಕಳಿಗೆ ಈಜು ಕಲಿಸಲು ನಿಂತರು. ಅದೂ ಒಂದು ಮರಳಿಕೆಯೇ.

ನೋವನ್ನು ಕನ್ನಡದಲ್ಲಿ ಹೇಳಿ

ಈಗ ಕೆಲಸಕ್ಕೆ ಬರುವ ಮಾತು. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿಗೆ ಹೋದೆ. ಎದುರಿಗಿದ್ದವರು ಕೇಳಿದರು, ನಾನು ದೊಡ್ಡಸ್ತಿಕೆಗೆ ಇಂಗ್ಲಿಷಿನಲ್ಲಿ "ಪೇನ್" ಅಂದೆ. ಹತ್ತು ದಿನ ಎಲ್ಲದಕ್ಕೂ ಪೇನ್. ಹನ್ನೊಂದನೇ ದಿನ ಅವರೇ ರೇಗಿದರು, "ನಿಮ್ಮಮ್ಮನ ಹತ್ರ ಹೆಂಗೆ ಹೇಳ್ತೀರೋ ಹಂಗೆ ಹೇಳಿ." ಆಗ ಬಾಯಿ ಬಿಟ್ಟೆ. "ಮೆಟ್ಟಿಲು ಇಳಿಯುವಾಗ ಒಳಗೆ ಏನೋ ಸಿಕ್ಕಿಹಾಕಿಕೊಂಡಂಗಾಗುತ್ತೆ. ತಿರುಗಿದರೆ ಕಳಚಿದಂಗಾಗುತ್ತೆ. ಪಾದಕ್ಕೆ ಜೋಮು ಹಿಡಿಯುತ್ತೆ." ಅವರು ಪೆನ್ನು ತೆಗೆದುಕೊಂಡರು. ಸಿಕ್ಕಿಹಾಕಿಕೊಳ್ಳುವುದು ಮೆತ್ತೆಯ ತೊಂದರೆ ಇರಬಹುದು, ಕಳಚಿದಂತಾಗುವುದು ಕಟ್ಟು ಸಡಿಲವಾದದ್ದಿರಬಹುದು, ಜೋಮು ನರದ ಕಡೆಗೆ ಬೆರಳು ತೋರಿಸುತ್ತದೆ. ಸೆಳೆತ, ಹಿಡಿತ, ಉರಿ, ಚುಚ್ಚು, ಉಳುಕು: ಒಂದೊಂದೂ ಬೇರೆ ಸುದ್ದಿ. ಇಷ್ಟು ಮಾತನ್ನು ಕೈಯಲ್ಲಿಟ್ಟುಕೊಂಡು ನಾನು ಹತ್ತು ದಿನ ಮೂಗನಾಗಿದ್ದೆ.

ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ನನ್ನಂತೆ ಲಿಗಮೆಂಟ್ ಆಪರೇಷನ್ ಆದವರು ಒಂಬತ್ತು ತಿಂಗಳಿಗೆ ಮೊದಲು ತಿರುಗುವ, ಜಿಗಿಯುವ ಆಟಕ್ಕೆ ಮರಳಿದರೆ ಮತ್ತೆ ಹರಿಯುವ ಸಂಭವ ಬಹಳ ಹೆಚ್ಚು. ಬರೀ ತಿಂಗಳು ಎಣಿಸಿದರೂ ಸಾಲದು. ಗಾಯವಾದ ಕಾಲಿನ ಬಲ ಒಳ್ಳೆಯ ಕಾಲಿನ ಬಲದ ನೂರಕ್ಕೆ 90ರಷ್ಟಾದರೂ ಆಗಬೇಕು. ಒಂಟಿಕಾಲಿನಲ್ಲಿ ಕುಂಟುಬಿಲ್ಲೆ ಥರ ಜಿಗಿದು ಎರಡೂ ಕಾಲಿನ ದೂರ ಅಳೆಯುತ್ತಾರೆ. ಮೂಳೆ ಮುರಿದವರಿಗೆ ಲೆಕ್ಕ ಬೇರೆ. ಮೂಳೆ ಕೂಡಿದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳಬೇಕು, ಪ್ಲಾಸ್ಟರಿನಲ್ಲಿ ಸೊರಗಿದ ಮಾಂಸಖಂಡ ಮತ್ತೆ ತುಂಬಬೇಕು.

ನನಗೆ ಹಾಕಿಕೊಟ್ಟ ಕ್ರಮ ಇದು: ಮೊದಲು ನಡಿಗೆ, ಆಮೇಲೆ ನಿಂತಲ್ಲೇ ತುಳಿಯುವ ಸೈಕಲ್, ಆಮೇಲೆ ನೀರು, ಕೊನೆಗೆ ಓಟ. ನೀರಿನಲ್ಲಿ ಭಾರವಿಲ್ಲ, ಆದರೆ ಕಪ್ಪೆ ಈಜಿನ ಒದೆ ಮೊಣಕಾಲನ್ನು ತಿರುಚುತ್ತದೆ, ಅದು ಬೇಡ ಅಂದರು. ಮಾಡಿದ್ದು ಹೆಚ್ಚಾಯಿತೋ ಇಲ್ಲವೋ ಎಂದು ಮಾರನೇ ಬೆಳಿಗ್ಗೆ ಮೊಣಕಾಲೇ ಹೇಳುತ್ತದೆ. ಊದಿದ್ದರೆ ನಿನ್ನೆ ಅತಿ ಮಾಡಿದ್ದೀರಿ ಎಂದರ್ಥ. ಮತ್ತೊಂದು ಮಾತು: ಸೊರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ನಾವು, ಧೈರ್ಯ ಜಾಸ್ತಿ. ಆದರೆ ಕುಣಿಗಲ್ ಕೆರೆಯಾಗಲಿ ಮಾರ್ಕೋನಹಳ್ಳಿ ಜಲಾಶಯವಾಗಲಿ, ಅಭ್ಯಾಸ ಎಂದು ಒಬ್ಬರೇ ಹೋಗಿ ಬೀಳಬೇಡಿ. ಹೂಳು, ಬಳ್ಳಿ ಕಾಲಿಗೆ ಸುತ್ತಿದರೆ ಯಾವ ಪದಕವೂ ಮೇಲೆತ್ತುವುದಿಲ್ಲ.

ವಿಮಾನ ಹತ್ತುವ ಮುನ್ನ

ಇಷ್ಟೆಲ್ಲ ಆದ ಮೇಲೆ ಹೊರದೇಶದ ಮಾತು. ಯೂರೋಪಿಗೆ ಷೆಂಗನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಬೇಕು. ಆದರೆ ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಪಂದ್ಯದಲ್ಲಾದ ಗಾಯ ಸೇರಿರದೆ ಇರಬಹುದು, ಹಳೆಯ ಗಾಯವಂತೂ ಸೇರಿರುವುದು ಅಪರೂಪ. ಬಾಯಿ ಬಿಟ್ಟು ಕೇಳಿ, ಬರಹದಲ್ಲಿ ಪಡೆಯಿರಿ. ಕೆಲವು ಕಡೆ ಸ್ಪರ್ಧೆಗೆ ಬಿಡುವ ಮುನ್ನ ವೈದ್ಯರ ಪ್ರಮಾಣಪತ್ರ ಕೇಳಬಹುದು. ಅಲ್ಲಿ ವಾಹನ ರಸ್ತೆಯ ಬಲಕ್ಕೆ, ನಮ್ಮ ಕಣ್ಣಿಗೆ ಅಭ್ಯಾಸ ಎಡಕ್ಕೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡು ಸೈಕಲ್ ತುಳಿದರೆ ದಂಡನೆ. ಹ್ಯಾಂಬರ್ಗಿನಲ್ಲಿ ಈಜು ಆಲ್ಸ್ಟರ್ ಕೆರೆಯಲ್ಲಿ. ನಮ್ಮ ಬಾವಿಯ ನೀರಿಗೆ ಒಗ್ಗಿದ ಮೈಗೆ ಆ ತಣ್ಣಗೆ ಹೊಸದು. ಸಹಿ ಹಾಕುವ ಕಾಗದದಲ್ಲಿ "ಏನಾದರೂ ಆದರೆ ನಾನೇ ಹೊಣೆ" ಎಂದು ಬರೆದಿರುತ್ತದೆ. ಓದದೆ ಸಹಿ ಹಾಕಬೇಡಿ. ಅರ್ಥವಾಗದಿದ್ದರೆ ಗೊತ್ತಿದ್ದವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಅದರಲ್ಲಿ ನಾಚಿಕೆ ಏನಿದೆ?

ಈಗ ಆ ಹುಡುಗನಿಗೆ ಉತ್ತರ.

ತಮ್ಮಾ, ಹೋಗು ಎಂದೇ ಹೇಳುತ್ತೇನೆ. ಸೋಮವಾರದಿಂದ ಓಡು ಎಂದು ಹೇಳುವುದಿಲ್ಲ. ಮುಂದಿನ ವರ್ಷವೇ ಎಂದೂ ಹೇಳುವುದಿಲ್ಲ. ಅರ್ಜಿಯ ಹಣ ಕಟ್ಟಿಬಿಟ್ಟರೆ ಆ ಹಣ ನಿನ್ನ ಕಾಲನ್ನು ಎಳೆಯುತ್ತದೆ. ಕಾಲು ಮೊದಲು ಒಪ್ಪಲಿ, ಆಮೇಲೆ ಹಣ.

ನನ್ನ ಕತೆಯೂ ಮುಗಿದಿಲ್ಲ. ದುಡ್ಡು ಹೊಂದಿಸಿ ಆಪರೇಷನ್ ಮಾಡಿಸಿಕೊಂಡು ಇಂದಿಗೆ 14 ತಿಂಗಳು. ಹೋದ ತಿಂಗಳು ಬಲ ಅಳೆಸಿದೆ. ನೂರಕ್ಕೆ 86 ಬಂತು. ಬೇಕಾದ್ದು 90. ನನ್ನ ಮನೆಯ ಗೋಡೆಯ ಮೇಲೂ ಒಂದು ಹ್ಯಾಂಬರ್ಗ್ ಇದೆ. ನಾಲ್ಕು ಅಂಕಕ್ಕೆ ನಾನೂ ಅರ್ಜಿ ಹಾಕದೆ ಕೂತಿದ್ದೇನೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮೂರನೇ ಸಲ ಹರಿದುಕೊಳ್ಳಲು ನನ್ನಲ್ಲಿ ಮೊಣಕಾಲು ಉಳಿದಿಲ್ಲ.

ಡಾಕ್ಟರು ನಡೆಯಲು ಒಪ್ಪಿದ್ದಾರೆ ತಾನೇ? ಹಾಗಾದರೆ ನಾಳೆ ಬೆಳಿಗ್ಗೆ ಆರಕ್ಕೆ ಅಮಾನಿಕೆರೆ ಹತ್ತಿರ ಬಾ. ಓಡುವುದಿಲ್ಲ. ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲುವುದನ್ನು ಮೊದಲು ಕಲಿಯೋಣ. ಆಮೇಲೆ ನಿಧಾನಕ್ಕೆ ನಡೆಯೋಣ. ನಾನೂ ನಿನ್ನ ಜೊತೆಗಿರುತ್ತೇನೆ.