ಹಳೆಯ ತೋಟೆಗಳ ಸಾಕ್ಷ್ಯ

ಅಮೆರಿಕದ ಮಾಂಟಾನಾ ಸೀಮೆಯಲ್ಲಿ ಲಿಟ್ಲ್ ಬಿಗ್‌ಹಾರ್ನ್ ಎಂಬ ನದಿಯಿದೆ. 1876ರ ಜೂನ್ 25ರಂದು ಅದರ ಬಳಿಯ ದಿಬ್ಬಗಳ ಮೇಲೆ ಕಸ್ಟರನೆಂಬ ದಳಪತಿಯೂ ಅವನೊಡನಿದ್ದ 200ಕ್ಕೂ ಹೆಚ್ಚು ಸವಾರರೂ ಲಕೋಟಾ, ಶೈಯೆನ್ ವೀರರ ಕೈಯಲ್ಲಿ ಹತರಾದರು. ಗೆದ್ದವರು ಹೇಳಿದ ವೃತ್ತಾಂತವನ್ನು ಬಿಳಿಯರಲ್ಲಿ ಅನೇಕರು ಬಹುಕಾಲ ನಂಬಲಿಲ್ಲ.

1983ರಲ್ಲಿ ಕಾಳ್ಗಿಚ್ಚೆದ್ದು ಅಲ್ಲಿಯ ಹುಲ್ಲೆಲ್ಲ ಸುಟ್ಟು ನೆಲ ಬೋಳಾಯಿತು. ಮರುವರ್ಷ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ವಿದ್ವಾಂಸರು ಸ್ವಯಂಸೇವಕರ ಕೈಗೆ ಲೋಹಶೋಧಕ ಯಂತ್ರ ಕೊಟ್ಟು ಸಾಲಾಗಿ ನಡೆಸಿದರು. ಯಂತ್ರ ಸದ್ದು ಮಾಡಿದಲ್ಲಿ ಒಂದು ಬಾವುಟ. ಸ್ಥಳದ ಅಳತೆ ಬರೆದುಕೊಂಡ ಮೇಲೆಯೇ ವಸ್ತುವನ್ನು ಎತ್ತುವುದು. ರಣಭೂಮಿಯಲ್ಲಿ ಸಿಕ್ಕಿದ್ದನ್ನು ಜೇಬಿಗಿಳಿಸುವ ಹವ್ಯಾಸಿಗಳುಂಟಷ್ಟೆ. ಶಾಸನದ ಅಕ್ಷರವೊಂದನ್ನು ಕೆತ್ತಿ ಮನೆಗೊಯ್ದಂತೆ ಅವರ ಕೆಲಸ!

ಖಾಲಿ ತೋಟೆ ಯಾರದೆಂದು ತಿಳಿಯುವುದೆಂತು ಎಂದು ನೀವು ಕೇಳಬಹುದು. ಸೈನಿಕರದು ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಮೇಲಿಂದ ಮೇಲೆ ಹಾರಿಸಬಲ್ಲ ಹೆನ್ರಿ, ವಿಂಚೆಸ್ಟರ್ ಬಂದೂಕುಗಳು ಎದುರಾಳಿಗಳಲ್ಲಿದ್ದವು. ಮೇಲಾಗಿ, ಗುಂಡು ಸಿಡಿಸುವ ಮೊಳೆ ತೋಟೆಯ ಬುಡದಲ್ಲಿ ತನ್ನದೇ ಗುರುತನ್ನು ಒತ್ತುತ್ತದೆ. ದೂರದೂರ ಸಿಕ್ಕಿದ ಎರಡು ತೋಟೆಗಳಲ್ಲಿ ಸೂಕ್ಷ್ಮದರ್ಶಕದಡಿ ಅದೇ ಗುರುತು ಕಂಡರೆ, ಒಂದೇ ಬಂದೂಕು ಎರಡೂ ಕಡೆ ನುಡಿದಿತ್ತು. ಹೀಗೆ ಒಂದೊಂದು ಬಂದೂಕಿನ ಜಾಡನ್ನೂ ನಕ್ಷೆಯ ಮೇಲೆ ಬಿಡಿಸಿದಾಗ, ಲಕೋಟಾ, ಶೈಯೆನ್ ಹಿರಿಯರು ಹೇಳಿದ್ದ ಹಲವು ಮಾತುಗಳೊಡನೆ ಅದು ಹೊಂದಿಕೊಂಡಿತು.