ಮಗ್ಗದ ಮುಂದೆ ಕ್ಯಾಮೆರಾ: ಅಂತರ್ಜಾಲದ ಸಾಕ್ಷ್ಯಚಿತ್ರ ಜಾಲಗಳು ಮತ್ತು ನಮ್ಮ ಸೀಮೆ



ಬಾಗಲಕೋಟೆಯ ಈ ಭಾಗದ ಹಳ್ಳಿಗಳಿಗೆ ಟೀವಿ ಬಂದದ್ದು ಬೆಂಗಳೂರಿನಿಂದಲ್ಲ. ಬೆಂಗಳೂರು ದೂರದರ್ಶನ ಇನ್ನೂ ಹುಟ್ಟದ ಕಾಲದಲ್ಲಿ, 1975ರ ಆಗಸ್ಟ್ 1ರಿಂದ ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿ ಸಾರ್ವಜನಿಕ ಟೀವಿ ಇಟ್ಟರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ನಮ್ಮ ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯೊಳಗೇ ಇತ್ತು. ಉಪಗ್ರಹ ನಾಸಾದ್ದು, ನೆಲದ ಕೆಲಸ ಇಸ್ರೊದ್ದು. ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಅದು ದೊಡ್ಡ ಸಾಹಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹಳ್ಳಿಗೆ ಉಳಿದ ಕೆಲಸ ಬಂದು ಕೂತು ನೋಡುವುದಷ್ಟೇ ಆಗಿತ್ತು. ತಾನು ಬಿತ್ತುವ ಬಗೆಯನ್ನು, ನೇಯುವ ಬಗೆಯನ್ನು ಇನ್ನೊಂದು ಹಳ್ಳಿಗೆ ತೋರಿಸುವ ದಾರಿ ಅದಕ್ಕಿರಲಿಲ್ಲ.

ಆ ದಾರಿ ಹೇಗೆ ತೆರೆಯಿತು, ತೆರೆದ ಮೇಲೆ ನಾವು ಅದರಲ್ಲಿ ಏನನ್ನು ಸಾಗಿಸುತ್ತಿದ್ದೇವೆ ಎಂಬುದೇ ಇವತ್ತಿನ ವಿಷಯ.

ಅಂತರ್ಜಾಲಕ್ಕಿಂತ ಮೊದಲೇ ಕ್ಯಾಮೆರಾ ಕೈ ಬದಲಾಯಿಸತೊಡಗಿತ್ತು. 1967ರಲ್ಲಿ ಕೆನಡಾದ ಫೋಗೊ ದ್ವೀಪದಲ್ಲಿ ಚಿತ್ರ ನಿರ್ದೇಶಕ ಕಾಲಿನ್ ಲೋ ಮೀನುಗಾರರ ಮಾತುಗಳನ್ನು ಚಿತ್ರಿಸಿ, ಅದನ್ನು ಆ ಮೀನುಗಾರರಿಗೇ ತೋರಿಸಿದರು. 1984ರಲ್ಲಿ ಅಹಮದಾಬಾದಿನ ‘ಸೇವಾ’ ಸಂಘದ ದುಡಿಯುವ ಹೆಂಗಸರು ವಿಡಿಯೋ ಕಲಿತರು. ನಮಗೆ ಇನ್ನೂ ಹತ್ತಿರದ್ದು ಬೀದರಿನ ಗಡಿಯಾಚೆ, ಜಹೀರಾಬಾದಿನ ಬಳಿಯ ಪಸ್ತಾಪುರ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಹೆಂಗಸರು ಬೀಜ, ಸಿರಿಧಾನ್ಯಗಳ ಬಗ್ಗೆ ಚಿತ್ರ ತೆಗೆದರು. ವರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಸಿಟ್ಟನ್ನೂ ಚಿತ್ರ ಮಾಡಿದರು. ಶಾಲೆಯ ಮೆಟ್ಟಿಲು ಹತ್ತದವರು ಅವರಲ್ಲಿ ಹಲವರು. ಕ್ಯಾಮೆರಾ ಇಡುವ ಎತ್ತರಕ್ಕೂ ಅವರದೇ ಲೆಕ್ಕವಿತ್ತು. ಮೇಲು ಕೀಳು ತೋರುವಂತೆ ಇಟ್ಟರೆ ಅದು ಪಟೇಲನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ಇಟ್ಟರೆ ಸಂಘದ ಶಾಟ್. ಸಾಕ್ಷ್ಯಚಿತ್ರದ ನೀತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ.

ನಮ್ಮ ರಾಜ್ಯದಲ್ಲೇ, 2006ರಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ‘ಡಿಜಿಟಲ್ ಗ್ರೀನ್’ ಕೆಲಸ ಶುರುಮಾಡಿದರು. ರೈತರೇ ಮಾಡಿ ತೋರಿಸುವ ಚಿಕ್ಕ ವಿಡಿಯೋಗಳನ್ನು ಹಳ್ಳಿಹಳ್ಳಿಯಲ್ಲಿ ಗುಂಪು ಕೂಡಿಸಿ ತೋರಿಸುವ ಕ್ರಮ ಅದು. ನೋಡಿದವರಿಗೆ ಮೊದಲು ಬೇಕಾಗುತ್ತಿದ್ದದ್ದು ಆ ರೈತ ಯಾರು, ಯಾವ ಊರಿನವನು ಎಂಬ ವಿವರ. ಪಕ್ಕದ ಊರಿನವನೆಂದರೆ ನಂಬಿಕೆ ಬರುತ್ತಿತ್ತು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಫೋನು ಎಲ್ಲರ ಕೈಗೆ ಬಂತು. ಬುಂದೇಲಖಂಡದ ಹೆಂಗಸರ ಪತ್ರಿಕೆ ‘ಖಬರ್ ಲಹರಿಯಾ’ ಕಾಗದ ಬಿಟ್ಟು ವಿಡಿಯೋಗೆ ಹೊರಳಿತು. ಪತ್ರಕರ್ತ ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಕಟ್ಟಿದ ‘ಪರಿ’ ಜಾಲತಾಣ ಊರೂರಿನ ಕಸುಬು, ಹಾಡು, ಸಂಕಟಗಳನ್ನು ಚಿತ್ರ ಮತ್ತು ಬರಹದಲ್ಲಿ ಕೂಡಿಡುತ್ತಿದೆ, ಕನ್ನಡದಲ್ಲೂ ಸಿಗುತ್ತದೆ. ಅದರಲ್ಲಿ ಮಹಾರಾಷ್ಟ್ರದ ಬೀಸುಕಲ್ಲಿನ ಪದಗಳ ಒಂದು ಭಂಡಾರವಿದೆ. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತೆವ್ಯಾಂ ತಂಡ ಕೂಡಿಸಿದ ಪದಗಳು ಒಂದು ಲಕ್ಷಕ್ಕೂ ಹೆಚ್ಚು. ‘ಪರಿ’ಯವರು ಹಾಡಿದವರನ್ನು ಮತ್ತೆ ಹುಡುಕಿಕೊಂಡು ಹೋಗಿ ಅವರ ಮುಖ, ದನಿ, ಮನೆ ಸಮೇತ ಚಿತ್ರ ಮಾಡಿದರು.

ಇದನ್ನು ನೋಡುವಾಗ ನನಗೆ ಹಲಸಂಗಿಯ ನೆನಪಾಗುತ್ತದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಇವರ ಗೆಳೆಯರ ಗುಂಪು ಇದೇ ಬಿಜಾಪುರ ಸೀಮೆಯಲ್ಲಿ ಹೆಣ್ಣುಮಕ್ಕಳ ಬಾಯಿಂದ ಪದ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದಿತು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೆ ಹಾಡಿದವಳ ದನಿ ಆ ಪುಸ್ತಕದಲ್ಲಿ ಉಳಿಯುವಂತಿರಲಿಲ್ಲ. ಆಗ ಅವರ ಕೈಯಲ್ಲಿದ್ದದ್ದು ಕಾಗದ ಮಾತ್ರ. ನಮ್ಮ ಕೈಯಲ್ಲಿ ಈಗ ದನಿಯೂ ಇದೆ, ಚಿತ್ರವೂ ಇದೆ. ಅವರಿಗಿದ್ದ ಶ್ರದ್ಧೆಯ ಅರ್ಧವಾದರೂ ನಮಗಿದೆಯೇ?

ಇಳಕಲ್ಲಿಗೆ ಬರೋಣ. ಇಳಕಲ್ ಸೀರೆ ಎಂದು ಹುಡುಕಿದರೆ ವಿಡಿಯೋಗಳಿಗೆ ಬರವಿಲ್ಲ. ಹೆಚ್ಚಿನವು ಒಂದು ನಿಮಿಷದವು: ಲಾಳಿ ಓಡುತ್ತದೆ, ಬಣ್ಣ ಹೊಳೆಯುತ್ತದೆ, ಕೆಳಗೆ ಅಂಗಡಿಯ ನಂಬರು. ಈ ಸೀರೆಯ ಹೆಚ್ಚುಗಾರಿಕೆ ಇರುವುದು ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನಡುವೆ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡೂ ಕೂಡುವಲ್ಲಿ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು. ಕೊಂಡಿ ಇರುವುದರಿಂದಲೇ ಹಲವು ಸೀರೆಗಳ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸಲು ಬರುವುದಿಲ್ಲ, ಪ್ರತಿ ಸೀರೆಗೂ ಮತ್ತೆ ಅದೇ ಕೆಲಸ. ವಿದ್ಯುತ್ ಮಗ್ಗದ ಸೀರೆಯಲ್ಲಿ ಸೆರಗಿನ ಕೆಂಪು, ಬಿಳುಪು, ತೋಪತೆನಿ ವಿನ್ಯಾಸದ ಸಾಲು ಮೇಲುನೋಟಕ್ಕೆ ಹಾಗೇ ಕಾಣುತ್ತವೆ. ಕೊಂಡಿ ಮಾತ್ರ ಇರುವುದಿಲ್ಲ. ಕೈಮಗ್ಗದ ಸೀರೆಗೆ ಯಾಕೆ ಹೆಚ್ಚು ಬೆಲೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಈ ಕೊಂಡಿ ಹಾಕುವುದನ್ನು ಒಂದು ನಿಮಿಷದಲ್ಲಿ ತೋರಿಸಲಾಗದು. ಹಾಸು ಸಿದ್ಧಮಾಡುವ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ಆದರೆ ಕ್ಯಾಮೆರಾ ಹೋಗಿ ನಿಲ್ಲುವುದು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರ ಮುಂದೆ. ಲಾಳಿ ಓಡುವುದು ಕಣ್ಣಿಗೆ ಚೆಂದ, ಕೊಂಡಿ ಹಾಕುವುದು ನೋಡುವವರಿಗೆ ಬೇಸರ. ಬೇಸರವಾಗಲಿ. ಹೊಸದಾಗಿ ಕಲಿಯುವ ಹುಡುಗಿಗೆ ಬೇಕಾದದ್ದು ಆ ಬೇಸರದ ಭಾಗವೇ: ಬೆರಳು ಎಲ್ಲಿ ಹಿಡಿಯುತ್ತದೆ, ಎಳೆ ಹರಿದರೆ ಹೇಗೆ ಸೇರಿಸುತ್ತಾರೆ, ಯಾವ ಹೊತ್ತಿನಲ್ಲಿ ಕೈ ನಿಲ್ಲುತ್ತದೆ. ಟೀವಿಯವರು ಅಷ್ಟು ಹೊತ್ತು ಕೊಡಲಾರರು. ಅಂತರ್ಜಾಲದಲ್ಲಿ ಹೊತ್ತಿಗೆ ಕಟ್ಟುಪಾಡಿಲ್ಲ. ಆ ಸವಲತ್ತನ್ನು ಬಿಟ್ಟು ನಾವು ಚಿಕ್ಕದರ ಹಿಂದೆ ಓಡುತ್ತಿದ್ದೇವೆ ಎಂಬುದು ನನ್ನ ದೂರು.

ಈ ಸವಲತ್ತನ್ನು ಸರಿಯಾಗಿ ಬಳಸಿಕೊಂಡವರೂ ನಮ್ಮಲ್ಲೇ ಇದ್ದಾರೆ. ಶ್ರೀಕೃಷ್ಣ ಪಾರಿಜಾತದ ಬೆಳತನಕದ ಆಟವನ್ನು ಇಡಿಯಾಗಿ ಯೂಟ್ಯೂಬಿಗೆ ಏರಿಸಿದ ಅಭಿಮಾನಿಗಳಿದ್ದಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಪ್ರದರ್ಶನಗಳೂ ಫೋನಿಗೆ ಸಿಕ್ಕಿವೆ. ದನಿ ಒಡೆದಿರುತ್ತದೆ, ಮುಂದೆ ಕೂತವರ ತಲೆ ಅಡ್ಡ ಬಂದಿರುತ್ತದೆ. ಆದರೂ ಅದು ಬೆಲೆಯುಳ್ಳ ದಾಖಲೆ. ಕೊರತೆ ಬೇರೆಯದು. ಹಾಡಿದವರು ಯಾರು, ಹಾರ್ಮೋನಿಯಂ ಯಾರದು, ಯಾವ ಊರು, ಯಾವ ತಾರೀಖು ಎಂದು ಬರೆದಿರುವುದಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಆ ಮುಖಗಳನ್ನು ಗುರುತಿಸುವವರು ಉಳಿದಿರುವುದಿಲ್ಲ.

ಏರಿಸಿದ್ದೆಲ್ಲ ಉಳಿಯುತ್ತದೆ ಎಂದು ನಂಬಬೇಡಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅದರ ಕಾರಣಗಳ ಚರ್ಚೆ ಇಲ್ಲಿ ಬೇಡ. ಹಳ್ಳಿಗಳ ಲೆಕ್ಕವಿಲ್ಲದಷ್ಟು ಹಾಡು, ಕುಣಿತ, ಕಸುಬಿನ ತುಣುಕುಗಳು ಅದರೊಂದಿಗೆ ಕಣ್ಮರೆಯಾದವು. ಬೇರೆ ಪ್ರತಿ ಇಟ್ಟುಕೊಂಡವರದಷ್ಟೇ ಉಳಿಯಿತು. ಕಂಪನಿಯ ಜಾಗ ಕಂಪನಿಯದೇ. ಮೂಲ ಕಡತ ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ, ಮತ್ತೊಂದು ಇಂಟರ್ನೆಟ್ ಆರ್ಕೈವ್‌ನಂಥ ಲಾಭಕ್ಕಲ್ಲದ ಭಂಡಾರದಲ್ಲಿ ಇರಬೇಕು. ಚಿತ್ರ ಕೊಟ್ಟವರ ಒಪ್ಪಿಗೆ ಅವರಿಗೆ ತಿಳಿಯುವ ಮಾತಿನಲ್ಲಿ ಪಡೆದಿರಬೇಕು.

ದಾಖಲೆ ಇಡದಿದ್ದರೆ ಏನು ಕಳೆದುಹೋಗುತ್ತದೆ ಎಂಬುದನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿನ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಬಂದರು. ನರ್ಮದೆಯ ಮುಳುಗಡೆಯನ್ನು ಆನಂದ ಪಟವರ್ಧನರಂಥವರ ಚಿತ್ರಗಳಿಂದ ದೇಶ ಕಂಡಿತು. ಕೃಷ್ಣೆಯ ಮುಳುಗಡೆ ಹಾಗೆ ದೇಶದ ಕಣ್ಣಿಗೆ ಬೀಳಲಿಲ್ಲ. ಓಣಿಯ ನೆನಪು ಈಗ ಮದುವೆಯ ವಿಡಿಯೋ ಕ್ಯಾಸೆಟ್ಟುಗಳಲ್ಲಿ, ಮೆರವಣಿಗೆಯ ಹಿಂದೆ ಅರೆಕ್ಷಣ ಕಾಣುವ ಗೋಡೆಗಳಲ್ಲಿ ಉಳಿದಿದೆ. ಅಂಥ ಕ್ಯಾಸೆಟ್ಟು ಯಾರ ಮನೆಯಲ್ಲಿದ್ದರೂ ದಯವಿಟ್ಟು ಎಸೆಯಬೇಡಿ; ಡಿಜಿಟಲ್ ಮಾಡಿಸೋಣ.

ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಇನ್ನೂ ಹಲವು ಊರುಗಳು ಏಳಬೇಕಾಗುತ್ತದೆ. ಈ ಸಲ ಫೋನು ನಮ್ಮ ಕೈಯಲ್ಲಿದೆ, ಸಮಯವೂ ಸ್ವಲ್ಪ ಇದೆ. ಈ ಉಪನ್ಯಾಸದ ದತ್ತಿ ಇಟ್ಟ ಮನೆತನದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಈ ವರ್ಷದ ಬಡ್ಡಿ ಹಣದಲ್ಲಿ ವಿದ್ಯಾರ್ಥಿಗಳನ್ನು ಅಂಥ ಒಂದು ಊರಿಗೆ ಕಳಿಸಿಕೊಡಿ. ಅವರು ಮನೆಮನೆಗೆ ಹೋಗಿ ಮಾತಾಡಿಸಲಿ, ಹೆಸರು, ತಾರೀಖು ಬರೆದಿಡಲಿ, ಗುಡಿ, ದರ್ಗಾ, ಹಗೇವು, ಹೊಲದ ಬದು ಚಿತ್ರಿಸಲಿ. ಬರುವ ವರ್ಷ ಉಪನ್ಯಾಸ ಬೇಡ. ಅದೇ ಊರಿನ ಗುಡಿಯ ಕಟ್ಟೆಯ ಮುಂದೆ ಪರದೆ ಕಟ್ಟಿ ಆ ಚಿತ್ರವನ್ನು ಮೊದಲು ಆ ಊರಿನವರಿಗೆ ತೋರಿಸೋಣ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಅವರು ಹೇಳಿದ ಮೇಲೆ ಅಂತರ್ಜಾಲಕ್ಕೆ ಹಾಕೋಣ.