ಆಟಕ್ಕೆ ಮುಂಚಿನ ಆ ಇಪ್ಪತ್ತು ನಿಮಿಷ

ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರವಾದಂತೆ ಅರಸೀಕೆರೆ, ಬೇಲೂರು, ಹಳೇಬೀಡಿನ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೊಖೊ ಅಭ್ಯಾಸ ಬಿರುಸಾಗುತ್ತದೆ. ತಿಂಗಳುಗಟ್ಟಲೆ ಓಡದ ಮಕ್ಕಳನ್ನು ಒಂದೇ ವಾರದಲ್ಲಿ ಹುರಿಗೊಳಿಸಲು ಹೊರಟರೆ ಮೊದಲು ಸೋಲುವುದು ಮಂಡಿ ಮತ್ತು ಪಾದದ ಕೀಲು. 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯರು ಅಭ್ಯಾಸಕ್ಕೆ ಮುನ್ನ ಸುಮಾರು 20 ನಿಮಿಷ ನಿಧಾನ ಓಟ, ಸಮತೋಲನ, ಸ್ನಾಯುಬಲದ ಕಸರತ್ತು ಮಾಡಿದರು. ತೀವ್ರ ಗಾಯಗಳು ಹತ್ತಿರಹತ್ತಿರ ಅರ್ಧಕ್ಕಿಳಿದವು. ಅದಕ್ಕೆ ಜಿಮ್ ಬೇಕಿಲ್ಲ. ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿದು ಮಂಡಿ ಬಾಗಿಸಿ ಇಳಿಯುವುದು, ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ತರಬೇತುದಾರರು ಎದುರು ನಿಂತು ನೋಡುವುದು, ಇಷ್ಟೇ.

ಆಟದ ಪೀರಿಯಡ್ಡೇ ಮುಕ್ಕಾಲು ಗಂಟೆ, ಇದಕ್ಕೆ ಹೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಬಡ್ಡಿಯ ಒಳ್ಳೆಯ ರೈಡರ್ ಕಾಲು ಉಳುಕಿಸಿಕೊಂಡು ಕೂತರೆ ಹೋಗುವುದು ವಾರಗಟ್ಟಲೆ ಅಭ್ಯಾಸ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎನ್ನುವ ಹಿರಿಯರೂ ಇದ್ದಾರೆ. ಗಾಯಗೊಂಡು ಆಟ ಬಿಟ್ಟವರ ಲೆಕ್ಕ ಆಗ ಇಟ್ಟವರು ಯಾರು? ಹಾಗೆಂದು ಅರಸೀಕೆರೆಯ ಬಿಸಿಲಿಗೂ ಬೇಲೂರಿನ ಮಳೆಗೂ ಒಂದೇ ಅಭ್ಯಾಸ ಯೋಜನೆ ಹೊಂದುವುದಿಲ್ಲ. ಅರಸೀಕೆರೆಯಲ್ಲಿ ಅಭ್ಯಾಸ ಬೆಳಗಿನ ತಂಪಿಗೆ ಸರಿಯಲಿ, ನಡುನಡುವೆ ನೀರಿಗೆ ಬಿಡುವಿರಲಿ. ಬೇಲೂರಿನಲ್ಲಿ ಅಂಕಣ ಜಾರುವ ದಿನ ಹಿಡಿತದ ಆಟ ಬಿಟ್ಟು ಶಾಲೆಯ ಜಗುಲಿಯಲ್ಲಿ ಕಸರತ್ತು ನಡೆಯಲಿ.